ಸೋಲುವುದಕ್ಕೂ ಒಂದಿಷ್ಟು ದುಡ್ಡು ಬೇಕು

ಅಡಿಕೆ ಸುಗ್ಗಿಯಲ್ಲಿ ಭೀಮಸಮುದ್ರಕ್ಕೆ ಬಂದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಾಗುತ್ತದೆ. ಹಂಡೆಯಲ್ಲಿ ಕುದಿಯುವ ಚೊಗರಿನ ಒಗರು ವಾಸನೆ, ಕಣದಲ್ಲಿ ಒಣಗುವ ಅಡಿಕೆಯ ವಾಸನೆ, ರಸ್ತೆಯ ಅಂಚಿನಲ್ಲಿ ರಾಶಿ ಬಿದ್ದ ಸಿಪ್ಪೆಯ ಕೊಳೆತ ವಾಸನೆ. ಚಿತ್ರದುರ್ಗ ತಾಲ್ಲೂಕಿನ ಈ ಊರಿಗೆ ದೊಡ್ಡ ಕೆರೆಯಿಂದ ಹೆಸರಿದೆ, ಅಡಿಕೆ ವ್ಯಾಪಾರದಿಂದ ಇನ್ನೂ ದೊಡ್ಡ ಹೆಸರಿದೆ. ಪತ್ರಿಕೆಯ ಮಾರುಕಟ್ಟೆ ಧಾರಣೆಯ ಅಂಕಣದಲ್ಲಿ ಅಪಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಪದಗಳನ್ನು ಇಲ್ಲಿಯ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಂಡ ಜನ ಇವರು. ಸಾಲದ ರುಚಿ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಊರಿನ ಒಂದು ಮನೆಯ ಕೊಟ್ಟಿಗೆಯಲ್ಲಿ, ಹಳೆಯ ಗೋಣಿಚೀಲಗಳ ಅಡಿಯಲ್ಲಿ, ಕಬ್ಬಿಣದ ಒಂದು ವಸ್ತು ಇದೆ. ಎರಡು ಉರುಳೆ, ನಾಲ್ಕು ಅಲಗು, ಒಂದು ತುಕ್ಕು ಹಿಡಿದ ಮೋಟಾರು. ಮನೆಯವರು ಅದನ್ನು 'ಅದು' ಎಂದೇ ಕರೆಯುತ್ತಾರೆ. 'ಅದರ ಮೇಲೆ ಹಿಂಡಿ ಚೀಲ ಇಡಬೇಡ', 'ಅದರ ಹತ್ತಿರ ಹೋಗಬೇಡ, ಕೈ ಕೊಯ್ದೀತು'. ಹೆಸರಿಟ್ಟು ಕರೆದರೆ ಮನೆಯ ಯಜಮಾನರ ಮುಖ ಬಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಅದು ಅಡಿಕೆ ಸುಲಿಯುವ ಯಂತ್ರ. ಅಲ್ಲ, ಅಡಿಕೆ ಸುಲಿಯಬೇಕಾಗಿದ್ದ ಯಂತ್ರ.

1997ರ ಸುಗ್ಗಿಯ ಮಾತು. ಆಗ ಯಜಮಾನರಿಗೆ ಇಪ್ಪತ್ತೆಂಟರ ಹರೆಯ. ಐಟಿಐ ಓದಿದ್ದರು, ಕೈಯಲ್ಲಿ ಕಸುಬಿತ್ತು. ಸಂಜೆ ದೀಪದ ಬೆಳಕಿನಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೆ ಅಡಿಕೆ ಸುಲಿಯುವುದನ್ನು ನೋಡಿ ನೋಡಿ ಅವರಿಗೊಂದು ಯೋಚನೆ ಹೊಳೆಯಿತು. ಅವರ ತಾಯಿಯ ಬೆರಳ ತುದಿಗಳು ಚೊಗರಿನಿಂದ ಕಪ್ಪಾಗಿ, ಸೀಳಿ ಹೋಗಿದ್ದವು. ಯಂತ್ರವೊಂದು ಈ ಕೆಲಸ ಮಾಡಬಾರದೇಕೆ? ಮೂರು ಎಕರೆ ತೋಟವನ್ನು ಅಡವಿಟ್ಟು ಸಾಲ ತಂದರು. ಎರಡು ಸುಗ್ಗಿ ಕಳೆಯಿತು. ಯಂತ್ರ ದೊಡ್ಡ ಕಾಯಿಯನ್ನು ಸೀಳಿಬಿಡುತ್ತಿತ್ತು, ಸಣ್ಣ ಕಾಯಿಯನ್ನು ಸುಲಿಯದೆ ಹಾಗೆಯೇ ಉಗುಳುತ್ತಿತ್ತು. ಗಾತ್ರಕ್ಕೆ ತಕ್ಕಂತೆ ಅಲಗಿನ ಅಂತರ ಬದಲಾಗಬೇಕು ಎಂಬುದು ಅವರಿಗೆ ತಿಳಿಯುವ ಹೊತ್ತಿಗೆ ದುಡ್ಡು ಮುಗಿದಿತ್ತು. 2000ದಲ್ಲಿ ಒಂದು ಎಕರೆ ತೋಟ ಕೈಬಿಟ್ಟು ಹೋಯಿತು. ಊರವರು ಏನೂ ಅನ್ನಲಿಲ್ಲ. ಆದರೆ ಹೊಸದೇನಾದರೂ ಮಾಡುತ್ತೇನೆಂದು ಹೊರಟ ಹುಡುಗರಿಗೆ ಅವರ ಅಪ್ಪಂದಿರು ಹೇಳುವ ಬುದ್ಧಿಮಾತಿನಲ್ಲಿ ಆ ಕೊಟ್ಟಿಗೆಯ ಯಂತ್ರ ಒಂದು ಉದಾಹರಣೆಯಾಗಿ ಸೇರಿಕೊಂಡಿತು.

ಮುಂದೆ ಹತ್ತು ಹದಿನೈದು ವರ್ಷಗಳಲ್ಲಿ ಮಲೆನಾಡು, ಬಯಲುಸೀಮೆ ಎನ್ನದೆ ಎಲ್ಲ ಕಡೆ ಅಡಿಕೆ ಸುಲಿಯುವ ಯಂತ್ರಗಳು ಬಂದವು. ಬೇರೆ ಯಾರೋ ಮಾಡಿದರು. ಸುಗ್ಗಿಯಲ್ಲಿ ಆ ಯಂತ್ರಗಳ ಗಡಗಡ ಸದ್ದು ಕೇಳಿದಾಗಲೆಲ್ಲ ಯಜಮಾನರು ಮಾತು ನಿಲ್ಲಿಸುತ್ತಾರೆ.

ಇಷ್ಟು ಹೇಳಿದ್ದು ಏಕೆಂದರೆ, ಅವರ ಮಗಳು 2023ರಲ್ಲಿ, ಇಂಜಿನಿಯರಿಂಗ್‌ನ ಮೂರನೆಯ ವರ್ಷದ ರಜೆಗೆ ಮನೆಗೆ ಬಂದವಳು, ಊಟ ಮಾಡುತ್ತ, 'ಅಪ್ಪಾ, ಅಡಿಕೆ ಸಿಪ್ಪೆಯಿಂದ ಏನಾದರೂ ಮಾಡಬಹುದು ಅನಿಸುತ್ತಿದೆ' ಎಂದಳು. ತಾಯಿ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು. ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

'ದುಡ್ಡು?' ಎಂದರು.

'ಸಾಲ ಬೇಡ. ಗ್ರ್ಯಾಂಟ್ ಇದೆ. ಸರ್ಕಾರದ ಅನುದಾನ.'

'ಸಬ್ಸಿಡಿಯೇನು? ಯಾರಿಗೆ ಎಷ್ಟು ಕೊಡಬೇಕಂತೆ?'

ನಮ್ಮ ಕಡೆ ಅನುದಾನ ಎಂದೊಡನೆ ಮನಸ್ಸಿಗೆ ಬರುವುದು ಇಷ್ಟೇ. ಶಾಸಕರ ಅನುದಾನದಲ್ಲಿ ಬಸ್ ತಂಗುದಾಣ, ಹನಿ ನೀರಾವರಿಗೆ ಸಬ್ಸಿಡಿ, ಅದನ್ನು ಪಡೆಯಲು ಹತ್ತು ಸಲ ಕಚೇರಿಗೆ ಅಲೆದಾಟ. ಇನ್ನೂ ಹುಟ್ಟದ ಒಂದು ಯೋಚನೆಗೆ, ಅದೂ ಗೆಲ್ಲುತ್ತದೆಂಬ ಖಾತ್ರಿ ಇಲ್ಲದ ಯೋಚನೆಗೆ, ಸರ್ಕಾರ ಯಾಕೆ ದುಡ್ಡು ಕೊಟ್ಟೀತು? ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಬೇಕು.

ಮೂರು ಬಾಗಿಲು

ಹೊಸ ಉದ್ಯಮ ಹೂಡುವವನಿಗೆ ಹಣ ಬರುವ ಬಾಗಿಲು ಮೂರು. ಒಂದು ಸಾಲ. ಬ್ಯಾಂಕಿನವರು ಕೊಡುತ್ತಾರೆ, ಆದರೆ ಅಡಮಾನ ಕೇಳುತ್ತಾರೆ. ಅವರದು ತಪ್ಪಲ್ಲ. ಅವರು ಕೊಡುವುದು ಠೇವಣಿದಾರರ ಹಣ. ಯೋಚನೆ ಗೆದ್ದರೆ ಬ್ಯಾಂಕಿಗೆ ಸಿಗುವುದು ಬಡ್ಡಿ ಮಾತ್ರ, ಸೋತರೆ ಹೋಗುವುದು ಅಸಲೂ ಸೇರಿ. ಹಾಗಾಗಿ ಅವರು ಯೋಚನೆಯನ್ನು ನೋಡುವುದಿಲ್ಲ, ತೋಟದ ಪಹಣಿಯನ್ನು ನೋಡುತ್ತಾರೆ. ಎರಡನೆಯದು ಪಾಲು ಬಂಡವಾಳ. ಹಣವಂತರು ಕಂಪೆನಿಯಲ್ಲಿ ಪಾಲು ಪಡೆದು ಹಣ ಹಾಕುತ್ತಾರೆ. ಅವರಿಗೆ ಬೇಕಾದದ್ದು ಐದಾರು ವರ್ಷಗಳಲ್ಲಿ ಹತ್ತು ಪಟ್ಟು ಬೆಳೆಯುವ ವ್ಯಾಪಾರ. ಬೆಂಗಳೂರಿನ ಮೊಬೈಲು ಆ್ಯಪ್‌ಗೆ ಅದು ಸಿಕ್ಕೀತು, ಭೀಮಸಮುದ್ರದ ಅಡಿಕೆ ಸಿಪ್ಪೆಗೆ ಸಿಗುವುದು ಕಷ್ಟ.

ಮೂರನೆಯದು ಅನುದಾನ. ಇದು ತೆರಿಗೆ ಹಣ. ಹಿಂದಿರುಗಿಸಬೇಕಿಲ್ಲ, ಪಾಲನ್ನೂ ಬಿಟ್ಟುಕೊಡಬೇಕಿಲ್ಲ. ಯೋಚನೆ ಹುಟ್ಟಿದ ದಿನಕ್ಕೂ ಸರಕು ಮಾರುಕಟ್ಟೆ ಸೇರುವ ದಿನಕ್ಕೂ ನಡುವೆ ಒಂದು ಒಣ ಹೊಳೆ ಇರುತ್ತದೆ. ಅದನ್ನು ದಾಟುವಾಗ ಬ್ಯಾಂಕೂ ಜೊತೆಗಿರುವುದಿಲ್ಲ, ಹಣವಂತನೂ ಇರುವುದಿಲ್ಲ. ಹೆಚ್ಚಿನ ಒಳ್ಳೆಯ ಯೋಚನೆಗಳು ಬಾಯಾರಿ ಸಾಯುವುದು ಅಲ್ಲಿಯೇ. ಉದ್ಯಮದ ಪರಿಭಾಷೆಯಲ್ಲಿ ಅದಕ್ಕೆ 'ಸಾವಿನ ಕಣಿವೆ' ಎಂದೇ ಹೆಸರು. ಆ ದಾರಿಯಲ್ಲಿ ಒಂದು ಕೊಡ ನೀರಿಡುವ ಕೆಲಸ ಸರ್ಕಾರದ್ದು ಎಂಬುದು ಅನುದಾನದ ಹಿಂದಿನ ತರ್ಕ.

ಈ ತರ್ಕವನ್ನು ಮೊದಲು ಕಾನೂನಿನ ರೂಪಕ್ಕೆ ತಂದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ 1977ರ ಸುಮಾರಿಗೆ ಸಣ್ಣ ಕಂಪೆನಿಗಳ ಸಂಶೋಧನೆಗೆ ಹಂತ ಹಂತವಾಗಿ ಹಣ ಕೊಡುವ ಪದ್ಧತಿಯನ್ನು ರೂಪಿಸಿದರು. ಮೊದಲು ಸ್ವಲ್ಪ ಕೊಡು, ಯೋಚನೆ ನಿಲ್ಲುತ್ತದೆಯೇ ನೋಡು. ನಿಂತರೆ ಇನ್ನಷ್ಟು ಕೊಡು. 1982ರಲ್ಲಿ ಅದು ಕಾನೂನಾಯಿತು. ದೊಡ್ಡ ಸರ್ಕಾರಿ ಇಲಾಖೆಗಳು ತಮ್ಮ ಸಂಶೋಧನಾ ಆಯವ್ಯಯದಲ್ಲಿ ಒಂದು ಪಾಲನ್ನು ಸಣ್ಣ ಉದ್ಯಮಗಳಿಗೆಂದೇ ತೆಗೆದಿಡಬೇಕಾಯಿತು.

ಯೂರೋಪು ಅದೇ ದಾರಿಯಲ್ಲಿ ನಡೆಯಿತು. 2014ರಲ್ಲಿ ಯೂರೋಪಿಯನ್ ಒಕ್ಕೂಟ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಒಂದು ಹೊಸ ಯೋಜನೆ ತಂದಿತು. ಯೋಚನೆಯನ್ನು ಒರೆಗೆ ಹಚ್ಚಿ ನೋಡಲು ಮೊದಲ ಹಂತದಲ್ಲಿ 50 ಸಾವಿರ ಯೂರೋ. ಅದರಲ್ಲಿ ಹುರುಳಿದ್ದರೆ ಎರಡನೆಯ ಹಂತದಲ್ಲಿ 5 ಲಕ್ಷದಿಂದ 25 ಲಕ್ಷ ಯೂರೋವರೆಗೆ. 2021ರಿಂದ ಈ ಕೆಲಸ ಯೂರೋಪಿಯನ್ ನಾವೀನ್ಯ ಮಂಡಳಿಯ ಕೈಗೆ ಪೂರ್ತಿಯಾಗಿ ಬಂತು. ಅಲ್ಲಿ ಅರ್ಜಿದಾರರು ಮೊದಲು ಒಂದು ಚುಟುಕು ಅರ್ಜಿ, ಮೂರು ನಿಮಿಷದ ಒಂದು ವಿಡಿಯೋ ಕಳುಹಿಸುತ್ತಾರೆ. ಅದು ಪಾಸಾದರೆ ವಿವರವಾದ ಅರ್ಜಿ, ಆಮೇಲೆ ತಜ್ಞರ ಮುಂದೆ ಮುಖಾಮುಖಿ ಸಂದರ್ಶನ. ಗೆದ್ದರೂ ಸರ್ಕಾರ ಎಲ್ಲ ಖರ್ಚನ್ನೂ ಕೊಡುವುದಿಲ್ಲ. ನೂರಕ್ಕೆ ಎಪ್ಪತ್ತರಷ್ಟು ಕೊಡುತ್ತದೆ, ಉಳಿದದ್ದನ್ನು ಉದ್ಯಮಿಯೇ ಹೊಂದಿಸಬೇಕು. ತನ್ನ ಬೆವರೂ ಸೇರಿದ್ದರೆ ಮಾತ್ರ ಮನುಷ್ಯ ಹುಷಾರಾಗಿರುತ್ತಾನೆ ಎಂಬ ಲೆಕ್ಕ.

ಅಲ್ಲಿಯ ಇನ್ನೊಂದು ಪದ್ಧತಿ ನಮ್ಮ ಸಿಇಟಿ ಬರೆದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಅರ್ಜಿ ಚೆನ್ನಾಗಿಯೇ ಇದೆ, ಆದರೆ ಹಣ ಅಷ್ಟು ಜನರಿಗೆ ಸಾಲದು. ಅಂಥವರಿಗೆ 'ಶ್ರೇಷ್ಠತೆಯ ಮುದ್ರೆ' ಎಂಬ ಒಂದು ಪ್ರಮಾಣಪತ್ರ ಕೊಡುತ್ತಾರೆ. ಪಾಸಾಗಿದ್ದೀರಿ, ಸೀಟು ಮಾತ್ರ ಇಲ್ಲ ಎಂದಹಾಗೆ. ಅದನ್ನು ಹಿಡಿದು ಅವರು ತಮ್ಮ ದೇಶದ ಅಥವಾ ಪ್ರಾಂತದ ಬೇರೆ ನಿಧಿಗಳ ಬಾಗಿಲು ತಟ್ಟಬಹುದು. ಒಮ್ಮೆ ನಡೆದ ಪರೀಕ್ಷೆ ವ್ಯರ್ಥವಾಗಬಾರದು ಎಂಬ ಜಾಣತನ ಇದರಲ್ಲಿದೆ. ಹಾಗೆಂದು ಅಲ್ಲೆಲ್ಲ ಸುಖವೇ ಎಂದಲ್ಲ. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನ ಬರಿಗೈಯಲ್ಲಿ ಮರಳುತ್ತಾರೆ. ಅರ್ಜಿ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡ ಸಲಹೆಗಾರರು ಹುಟ್ಟಿಕೊಂಡಿದ್ದಾರೆ. ಒಳ್ಳೆಯ ಯಂತ್ರ ಮಾಡುವುದು ಬೇರೆ, ಒಳ್ಳೆಯ ಅರ್ಜಿ ಬರೆಯುವುದು ಬೇರೆ. ಎರಡರ ನಡುವಿನ ಈ ವ್ಯತ್ಯಾಸ ಎಲ್ಲ ದೇಶಗಳ ತಲೆನೋವು.

ನಮ್ಮಲ್ಲೂ ಇತ್ತು

ನಮ್ಮ ದೇಶದಲ್ಲಿ ಇದೆಲ್ಲ ತೀರ ಇತ್ತೀಚಿನದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ 1998ರ ಸುಮಾರಿಗೇ 'ಟೆಕ್ನೋಪ್ರೆನರ್ ಪ್ರಮೋಷನ್ ಪ್ರೋಗ್ರಾಂ' ಎಂಬ ಯೋಜನೆ ಆರಂಭಿಸಿತ್ತು. ಕಂಪೆನಿ ಇಲ್ಲದ ಒಬ್ಬಂಟಿ ಸಂಶೋಧಕನೂ, ಅಂದರೆ ಊರ ವರ್ಕ್‌ಶಾಪಿನ ಮೇಸ್ತ್ರಿಯೂ, ತನ್ನ ಯೋಚನೆಗೆ ಮಾದರಿ ತಯಾರಿಸಲು ಅನುದಾನ ಕೇಳಬಹುದಿತ್ತು. 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಬಂತು. ಹಳ್ಳಿಗಳಲ್ಲಿ ಓದು ಕಡಿಮೆಯಿದ್ದೂ ಹೊಸದನ್ನು ಮಾಡಿದವರನ್ನು ಹುಡುಕಿ ಕೈಹಿಡಿಯುವುದೇ ಅದರ ಕೆಲಸ.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಬೆಳಗ್ಗೆ ಏಳಲಾಗದ ಹುಡುಗ, ಗಡಿಯಾರದ ಅಲಾರಂ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ಬಾಟಲಿಯ ನೀರು ತನ್ನ ಮುಖದ ಮೇಲೆಯೇ ಸುರಿಯುವಂತೆ ಮಾಡಿಕೊಂಡಿದ್ದರಂತೆ. ಅಲ್ಲಿಂದ ಆರಂಭವಾದ ಅವರ ಪ್ರಯೋಗ ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಎಂದು ಬೆಳೆಯುತ್ತ ಹೋಯಿತು. ನಾವೀನ್ಯ ಪ್ರತಿಷ್ಠಾನ ಅವರನ್ನು ಗುರುತಿಸಿತು. 2022ರಲ್ಲಿ ಪದ್ಮಶ್ರೀ ಬಂತು. ಅಡಿಕೆಯ ಮಾತಿಗೇ ಬಂದರೆ, ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕು 2019ರಲ್ಲಿ ದೇಶದ ಗಮನ ಸೆಳೆದದ್ದು ಹಲವರಿಗೆ ನೆನಪಿರಬಹುದು.

ಈಚಿನ ವರ್ಷಗಳಲ್ಲಿ ಬಾಗಿಲುಗಳು ಹೆಚ್ಚಿವೆ. 2012ರಲ್ಲಿ ಜೈವಿಕ ತಂತ್ರಜ್ಞಾನದ ಹೊಸ ಯೋಚನೆಗಳಿಗೆ ಗರಿಷ್ಠ 50 ಲಕ್ಷ ರೂಪಾಯಿ ಕೊಡುವ 'ಬಿಗ್' ಅನುದಾನ ಬಂತು. ಕರ್ನಾಟಕ 2015ರಲ್ಲಿ ನವೋದ್ಯಮ ನೀತಿ ಪ್ರಕಟಿಸಿತು, 2017ರಲ್ಲಿ 'ಎಲಿವೇಟ್' ಸ್ಪರ್ಧೆ ಆರಂಭಿಸಿತು. ಅದರಲ್ಲಿ ಗೆದ್ದವರಿಗೂ 50 ಲಕ್ಷದವರೆಗೆ ಅನುದಾನ. ಕೃಷಿ ನವೋದ್ಯಮಗಳಿಗೆ ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ನೆರವು ಸಿಗುವಂತಾಯಿತು. 2021ರಲ್ಲಿ ಕೇಂದ್ರ ಸರ್ಕಾರ 945 ಕೋಟಿ ರೂಪಾಯಿಯ ಬೀಜನಿಧಿ ಯೋಜನೆ ತಂದಿತು. ಮಾದರಿ ತಯಾರಿಸಿ ಪರೀಕ್ಷಿಸಲು ಒಂದು ನವೋದ್ಯಮಕ್ಕೆ 20 ಲಕ್ಷದವರೆಗೆ ಅನುದಾನ ಎಂದು ಅದರಲ್ಲಿ ಹೇಳಿತ್ತು.

ಇದನ್ನೆಲ್ಲ ಮಗಳು ಒಂದು ರಾತ್ರಿ ಜಗಲಿಯ ಮೇಲೆ ಕೂತು ಅಪ್ಪನಿಗೆ ಓದಿ ಹೇಳಿದಳು. ಅವರು ಕೇಳುತ್ತ ಕೂತಿದ್ದರು. 1998 ಎಂಬ ಇಸವಿ ಬಂದಾಗ ಮಾತ್ರ, 'ಯಾವ ವರ್ಷ ಅಂದೆ?' ಎಂದು ಇನ್ನೊಮ್ಮೆ ಕೇಳಿದರು. ಅವಳು ಹೇಳಿದಳು. ಅವರು ಎದ್ದು ಹೋಗಿ ಹಸುಗಳಿಗೆ ಹುಲ್ಲು ಹಾಕಿ ಬಂದರು. ತಾವು ತೋಟದ ಪಹಣಿ ಹಿಡಿದು ಸಾಲಕ್ಕೆ ಅಲೆಯುತ್ತಿದ್ದ ವರ್ಷವೇ ದೆಹಲಿಯಲ್ಲಿ ಅಂಥದೊಂದು ಬಾಗಿಲು ತೆರೆದಿತ್ತು. ಭೀಮಸಮುದ್ರದವರೆಗೆ ಆ ಸುದ್ದಿ ಬಂದಿರಲಿಲ್ಲ, ಅಷ್ಟೆ.

ಸಿಪ್ಪೆಯ ಲೆಕ್ಕ

ಮಗಳ ಯೋಚನೆ ಸರಳವಾಗಿತ್ತು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆಯೇ. ಸುಲಿದ ಮೇಲೆ ಅದು ರಸ್ತೆಯ ಪಕ್ಕಕ್ಕೆ ಹೋಗುತ್ತದೆ. ಬೇಗ ಕೊಳೆಯುವುದಿಲ್ಲ, ಬೆಂಕಿ ಇಟ್ಟರೆ ವಾರಗಟ್ಟಲೆ ಹೊಗೆಯಾಡುತ್ತದೆ. ಆ ನಾರನ್ನು ಮೆದುಗೊಳಿಸಿ, ಅಂಟು ಹಿಟ್ಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ತರಕಾರಿ ಸಸಿ ಬೆಳೆಸುವ ಪುಟ್ಟ ಕುಂಡಗಳನ್ನು ಮಾಡಿದರೆ? ಸಸಿಯನ್ನು ಕುಂಡದ ಸಮೇತ ನೆಲಕ್ಕೆ ಇಡಬಹುದು, ಪ್ಲಾಸ್ಟಿಕ್ ಬೇಕಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಅಡಿಕೆಯ ಮೇಲೆಯೇ ನಿಂತ ಊರಿಗೆ ಮುಂದೇನು ಎಂಬ ಅಳುಕು ಒಳಗೊಳಗೇ ಇದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಲೆ ಇಂದು ಏರಿದರೆ ನಾಳೆ ಇಳಿಯುತ್ತದೆ. ಮರದಿಂದ ಬೇರೇನಾದರೂ ಬರುವಂತಿದ್ದರೆ ಒಳ್ಳೆಯದಲ್ಲವೆ? ಹೆಗ್ಗೋಡಿನ ಚರಕ ಸಂಸ್ಥೆ ಅಡಿಕೆಯ ಚೊಗರನ್ನು ಬಟ್ಟೆಗೆ ಬಣ್ಣವಾಗಿ ಬಳಸಿ ತೋರಿಸಿದೆ. ಅಡಿಕೆ ಹಾಳೆಯ ತಟ್ಟೆ ಸಮುದ್ರ ದಾಟಿ ಹೋಗಿದೆ.

ಅವಳೂ ಅವಳ ಇಬ್ಬರು ಗೆಳೆಯರೂ ಒಂದು ಅನುದಾನಕ್ಕೆ ಅರ್ಜಿ ಹಾಕಿದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಇಪ್ಪತ್ತು ಪುಟದ ಇಂಗ್ಲಿಷ್ ಅರ್ಜಿ ಬರೆದಳು. ಪ್ರಪಂಚದ ಪ್ಲಾಸ್ಟಿಕ್ ಸಮಸ್ಯೆ, ಭೂಮಿಯ ತಾಪ, ಎಲ್ಲವೂ ಅದರಲ್ಲಿತ್ತು. ಎರಡು ತಿಂಗಳ ಮೇಲೆ ಮೂರು ಸಾಲಿನ ಉತ್ತರ ಬಂತು. ತಿರಸ್ಕೃತ. ಕಾರಣವಾಗಿ ಎರಡು ಪ್ರಶ್ನೆಗಳನ್ನಷ್ಟೇ ಬರೆದಿದ್ದರು. ಕೊಳ್ಳುವವರು ಯಾರು? ಅವರನ್ನು ಕೇಳಿದ್ದೀರಾ?

ಅವಳು ಒಂದು ದಿನ ಊಟ ಬಿಟ್ಟಳು. ತಾಯಿ, 'ಹೋಗಲಿ ಬಿಡು, ಬ್ಯಾಂಕ್ ಪರೀಕ್ಷೆ ಕಟ್ಟು' ಎಂದರು. ಮಾರನೆಯ ದಿನ ಅಪ್ಪ ಸ್ಕೂಟರ್ ತೆಗೆದು, 'ಬಾ, ಹೊಳಲ್ಕೆರೆ ಕಡೆ ಒಂದೆರಡು ನರ್ಸರಿ ಇವೆ, ಕೇಳಿಕೊಂಡು ಬರೋಣ' ಎಂದರು. ಅವಳಿಗೇ ಆಶ್ಚರ್ಯ. ಒಂದು ವಾರದಲ್ಲಿ ಹನ್ನೊಂದು ನರ್ಸರಿ ಸುತ್ತಿದರು. ಮೆಣಸಿನ ಸಸಿ ಎಷ್ಟು ದಿನ ತಟ್ಟೆಯಲ್ಲಿರುತ್ತದೆ, ತಟ್ಟೆಯನ್ನು ಎಷ್ಟು ಸಲ ಬಳಸುತ್ತಾರೆ, ಲಾರಿಯಲ್ಲಿ ಸಾಗಿಸುವಾಗ ಎಷ್ಟು ಸಾಯುತ್ತವೆ. ಎಲ್ಲವನ್ನೂ ಅವಳು ನೋಟ್ ಪುಸ್ತಕದಲ್ಲಿ ಬರೆದಳು. ಎರಡನೆಯ ಅರ್ಜಿಯಲ್ಲಿ ಭೂಮಿಯ ತಾಪ ಇರಲಿಲ್ಲ. ಹನ್ನೊಂದು ನರ್ಸರಿಗಳ ಮಾತಿತ್ತು.

2024ರಲ್ಲಿ ಸಂದರ್ಶನಕ್ಕೆ ಕರೆ ಬಂತು. ಹತ್ತು ನಿಮಿಷ. ಇಂಗ್ಲಿಷಿನಲ್ಲಿ ಆರಂಭಿಸಿದವಳಿಗೆ ನಡುವೆ ಮಾತು ಸಿಕ್ಕಿಕೊಂಡಿತು. ಮಂಡಳಿಯಲ್ಲಿದ್ದ ಹಿರಿಯರೊಬ್ಬರು, 'ಕನ್ನಡದಲ್ಲೇ ಹೇಳಮ್ಮ' ಎಂದರು. ಆಮೇಲೆ ಅವಳು ನಿಲ್ಲಲಿಲ್ಲ. 5 ಲಕ್ಷ ರೂಪಾಯಿ ಮಂಜೂರಾಯಿತು.

ಊರಿನಲ್ಲಿ ಸುದ್ದಿ ಐದು ಲಕ್ಷ 'ಬಹುಮಾನ' ಬಂತೆಂದು ಹಬ್ಬಿತು. ಬಹುಮಾನವಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು. ಹಣ ಒಮ್ಮೆಗೇ ಬರುವುದಿಲ್ಲ. ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನಲ್ಲಿ ಮಾಡುತ್ತೇನೆಂದು ಬರೆದುಕೊಟ್ಟ ಕೆಲಸ ಮುಗಿದರೆ ಮಾತ್ರ ಎರಡನೆಯದು. ಅದಕ್ಕೆ ಬೇರೆಯೇ ಖಾತೆ, ಪ್ರತಿ ಖರೀದಿಗೂ ದರಪಟ್ಟಿ, ಬಿಲ್ಲು, ಲೆಕ್ಕಪರಿಶೋಧಕರ ಸಹಿಯುಳ್ಳ ಬಳಕೆ ಪ್ರಮಾಣಪತ್ರ. ಆ ಹಣದಲ್ಲಿ ಹಳೆಯ ಸಾಲ ತೀರಿಸುವಂತಿಲ್ಲ, ಮನೆಗೆ ಸುಣ್ಣ ಹೊಡೆಸುವಂತಿಲ್ಲ. 'ನಾನು ಕೊಡಿಸುತ್ತೇನೆ, ನೂರಕ್ಕೆ ಹತ್ತು ನನಗೆ' ಎನ್ನುತ್ತ ಬಂದ ಒಬ್ಬ ಮಧ್ಯವರ್ತಿಯನ್ನು ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದ್ದರು. ಅದು ಮಾತ್ರ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಪ್ರಯೋಗ ನಡೆಯಿತು. ಮೊದಲ ಕುಂಡಗಳಿಗೆ ಬೂಸ್ಟು ಹಿಡಿಯಿತು. ಅಂಟು ಹಿಟ್ಟಿನ ಪ್ರಮಾಣ ಇಳಿಸಿದರು, ಕುಂಡ ಪುಡಿಯಾಯಿತು. ನಾರನ್ನು ಹೆಚ್ಚು ದಿನ ನೆನೆಸಿದರು, ಗಟ್ಟಿಯಾಯಿತು. ನಡುವೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಎಚ್ಚರಿಕೆ ಹೊರಡಿಸಿತು. ಅಡಿಕೆಯಲ್ಲಿರುವ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂಬುದು ಅದರ ಆಕ್ಷೇಪ. ಹಾಳೆ ತಟ್ಟೆ ಮಾಡುವವರ ಎದೆ ಧಸಕ್ಕೆಂದಿತು. ಅವಳು ತನ್ನ ಕುಂಡಗಳಿಗೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಳು. ಅದಕ್ಕೆ ತಗುಲಿದ ಹಣವೂ ಅನುದಾನದ್ದೇ. ಬ್ಯಾಂಕಿನ ಸಾಲದಲ್ಲಿ ಯಾರು ಅಂಥ ಪರೀಕ್ಷೆ ಮಾಡಿಸಿಯಾರು?

ಕೊನೆಗೆ ಕುಂಡ ನಿಂತಿತು. ಮೆಣಸಿನ ಸಸಿ ಮೂವತ್ತು ದಿನ ಅದರಲ್ಲಿ ಚೆನ್ನಾಗಿಯೇ ಬೆಳೆಯಿತು. ಆದರೆ ಲೆಕ್ಕ ಹಾಕಿ ನೋಡಿದಾಗ, ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ತಟ್ಟೆಯ ಒಂದು ಗುಳಿಗೆ ಬೀಳುವ ಖರ್ಚಿಗಿಂತ ಇದರ ಖರ್ಚು ಹಲವು ಪಟ್ಟು ಆಗುತ್ತಿತ್ತು. ನಾರನ್ನು ಮೆದುಗೊಳಿಸುವ ದಾರಿ ಅಗ್ಗವಾಗದೆ ಇದು ವ್ಯಾಪಾರವಾಗುವಂತಿರಲಿಲ್ಲ. ಗೆಳೆಯರಲ್ಲಿ ಒಬ್ಬ, 'ವರದಿಯಲ್ಲಿ ಅದನ್ನು ಸ್ವಲ್ಪ ಮೃದುವಾಗಿ ಬರೆದರಾಯಿತು, ಕೊನೆಯ ಕಂತು ಬರಲಿ' ಎಂದ. ಒಂದೂವರೆ ಲಕ್ಷ ರೂಪಾಯಿ ಬಾಕಿ ಇತ್ತು. ಅದಿದ್ದರೆ ಆರು ತಿಂಗಳು ನಡೆಯುತ್ತಿತ್ತು.

ಅವಳು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಅಪ್ಪನನ್ನು ಕೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, 'ಸುಳ್ಳು ಬರೆದರೆ, ನಿನ್ನ ಹಾಗೆಯೇ ಇನ್ನೊಬ್ಬಳು ಇದೇ ದಾರಿಯಲ್ಲಿ ಹೋಗಿ ಇದೇ ಕಲ್ಲಿಗೆ ಎಡವುತ್ತಾಳೆ' ಎಂದರು.

ಅವಳು ಇದ್ದದ್ದನ್ನು ಇದ್ದಂತೆಯೇ ಬರೆದಳು. ಎಷ್ಟು ದಿನ ನೆನೆಸಿದರೆ ಏನಾಯಿತು, ಯಾವ ಪ್ರಮಾಣಕ್ಕೆ ಬೂಸ್ಟು ಬಂತು, ಖರ್ಚು ಎಲ್ಲಿ ಹೆಚ್ಚಾಯಿತು, ಯಾಕೆ ಇದು ಸದ್ಯಕ್ಕೆ ಮಾರುಕಟ್ಟೆಗೆ ಬೇಡ. ಕೊನೆಯ ಕಂತು ಕೇಳಲಿಲ್ಲ. ವರದಿ ಸೇರಿದ ಮೇಲೆ ಕಚೇರಿಯಿಂದ ಒಂದು ಪತ್ರ ಬಂತು. ಕೆಲಸ ತೃಪ್ತಿಕರವಾಗಿ ಮುಗಿದಿದೆ, ಖರ್ಚಾದ ಹಣವನ್ನು ಹಿಂದಿರುಗಿಸಬೇಕಿಲ್ಲ, ಮುಂದೆ ಬೇರೆ ಯೋಚನೆಯೊಡನೆ ಅರ್ಜಿ ಹಾಕಲು ಅಡ್ಡಿಯಿಲ್ಲ.

ಆ ಪತ್ರವನ್ನು ಅಪ್ಪ ಎರಡು ಸಲ ಓದಿಸಿದರು. 'ಅಂದರೆ ಸೋತದ್ದಕ್ಕೆ ಏನೂ ಕೇಳುವುದಿಲ್ಲವೆ?' ಎಂದರು.

'ಕೇಳಿದರು ಅಪ್ಪಾ. ಯಾಕೆ ಸೋತಿತು ಅಂತ ಕೇಳಿದರು. ಅದನ್ನೇ ಬರೆದುಕೊಟ್ಟೆ.'

ಹೆತ್ತವರು ಮಕ್ಕಳಿಗೆ ಹೇಳುವ ಬುದ್ಧಿಮಾತು ಬಹಳ ಹಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು. ಅದು ಸುಳ್ಳಲ್ಲ. ಒಂದು ಎಕರೆ ತೋಟ ಕಳೆದುಕೊಂಡವರ ಮನೆಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಆದರೆ ಎಲ್ಲರೂ ಅಷ್ಟಕ್ಕೇ ಕಾಲು ಮಡಚಿಕೊಂಡಿದ್ದರೆ ಇಂದಿಗೂ ಹೆಂಗಸರು ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆಯೇ ಕೂತಿರುತ್ತಿದ್ದರು. ಯಾರೋ ಚಾಚಬೇಕು. ಚಾಚಿದವನ ಮನೆ ಮುಳುಗದಂತೆ ಉಳಿದವರೆಲ್ಲ ಸೇರಿ ಒಂದಿಷ್ಟು ಹಾಸಿಗೆ ಉದ್ದ ಮಾಡಬೇಕು. ಬ್ರಸೆಲ್ಸ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅನುದಾನ ಎನ್ನುವುದು ಅಷ್ಟೆ. ಗೆದ್ದ ಯೋಚನೆಗಳಿಂದ ಊರಿಗೆ ಕೆಲಸ ಸಿಗುತ್ತದೆ. ಸೋತ ಯೋಚನೆಗಳಿಂದ, ಅವುಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ, ಮುಂದಿನವರಿಗೆ ದಾರಿ ಸಿಗುತ್ತದೆ. ಬರೆದಿಡದ ಸೋಲು ಮಾತ್ರ ಪೂರಾ ನಷ್ಟ. ಗೋಣಿಚೀಲದ ಅಡಿಯ ತುಕ್ಕಿನ ಹಾಗೆ.

ಮಗಳು ಈಗ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಉಳಿದ ಎರಡು ಎಕರೆ ತೋಟದ ಪಹಣಿ ಮನೆಯ ಕಪಾಟಿನಲ್ಲೇ ಇದೆ. ಹಬ್ಬಕ್ಕೆ ಊರಿಗೆ ಬಂದ ದಿನ ಸಂಜೆ ಅಪ್ಪ ಅವಳನ್ನು ಕೊಟ್ಟಿಗೆಗೆ ಕರೆದರು. ಗೋಣಿಚೀಲಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ಧೂಳು ಎದ್ದಿತು. ಅವರು ಅಂಗವಸ್ತ್ರದಲ್ಲಿ ಉರುಳೆಯನ್ನು ಒರೆಸಿದರು.

'ಆ ನೋಟ್ ಪುಸ್ತಕ ತಂದಿದ್ದೀಯೇನು?' ಎಂದು ಕೇಳಿದರು. 'ಇದನ್ನೂ ಬರೆದುಕೋ. ಮೊದಲು ಅಲಗಿನ ಅಂತರ ಎಷ್ಟಿಟ್ಟಿದ್ದೆ ಅಂದರೆ...'

ಅವಳು ಹಿಂಡಿ ಚೀಲದ ಮೇಲೆ ಕೂತು ಬರೆಯತೊಡಗಿದಳು.